ಕಸೂತಿ ದೀಪದ ಕಂಬಕ್ಕೆ ಕರೆಂಟು ಕೊಟ್ಟು ಮೇಳಕ್ಕೆ ಹೋದದ್ದು

ಬೆಳಗಾವಿಯ ಕಾಲೇಜೊಂದರ ಮೈದಾನದಲ್ಲಿ ಎರಡು ದಿನ ಕರಕುಶಲ ಮತ್ತು ತಂತ್ರಜ್ಞಾನ ಮೇಳ ನಡೆಯಿತು. ಬೇರೆಯವರಿಂದ ಕೊಂಡು ತಂದು ಮಾರುವ ಹಾಗಿಲ್ಲ, ಕೈಯಾರೆ ಮಾಡಿದ್ದನ್ನು ಮಾತ್ರ ಇಡಬೇಕು ಅನ್ನೋದು ಅಲ್ಲಿನ ನಿಯಮ. ನಾನು ಮತ್ತು ನಮ್ಮ ಭಾವನವರ ಮಗ ಸೇರಿ ಒಂದು ಸ್ಟಾಲ್ ಹಾಕಿದ್ದೆವು. ಮುಗಿಸಿ ಬಂದ ಕಾಲುನೋವು ಇನ್ನೂ ಇಳಿದಿಲ್ಲ. ಆಗಲೇ "ಅರ್ಜಿ ಹೆಂಗ ಹಾಕಿದ್ರಿ, ಎಷ್ಟ ಖರ್ಚಾತು, ನಾವೂ ಹಾಕಬಹುದೇನ್ರಿ" ಅಂತ ಗುರುತಿನವರ ಫೋನು ಶುರುವಾಗಿದೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ನಾನು ಬೆಳಗಾವಿಯ ಶಹಾಪುರದಲ್ಲಿ ಹೊಲಿಗೆ, ಕಸೂತಿ ಕಲಿಸುತ್ತೇನೆ. ಹುಡುಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾನೆ. ಒಂದು ದಿನ ಬೂದು ಬಣ್ಣದ ಒಂದು ದಾರದ ಉಂಡೆ ಹಿಡಿದುಕೊಂಡು ಬಂದ. "ಕಾಕು, ಇದು ಸ್ಟೀಲ್ ದಾರ. ಇದರಾಗ ಕರೆಂಟ್ ಹರೀತೈತಿ. ನಿಮ್ಮ ದೀಪದ ಕಂಬಕ್ಕ ಖರೇನ ದೀಪ ಹಚ್ಚೋಣೇನು?" ಅಂದ. ನಾನು ನಕ್ಕೆ. ಆದರೆ ಸುಮ್ನೆ ಬಿಡುವ ಮಾತೂ ಆಗಿರಲಿಲ್ಲ. ಕಸೂತಿಯಲ್ಲಿ ಗೋಪುರ, ತೇರು, ಆನೆ ಅಂಬಾರಿ, ತುಳಸಿ ಕಟ್ಟೆ, ದೀಪದ ಕಂಬ ಎಲ್ಲ ತೆಗೆಯುತ್ತೇವೆ. ದೀಪದ ಕಂಬದ ತುದಿಯಲ್ಲಿ ಜ್ವಾಲೆ ಇರುವ ಜಾಗಕ್ಕೆ ಒಂದು ಪುಟ್ಟ ಎಲ್‌ಇಡಿ ಕೂರಿಸಿದರೆ ಹೇಗೆ ಕಾಣುತ್ತದೆ ಅಂತ ನನಗೂ ಆಸೆ ಆಯಿತು.

ಕೂತ ಮೇಲೆ ಗೊತ್ತಾಯಿತು, ಕಸೂತಿಗೂ ಕರೆಂಟಿಗೂ ಅಷ್ಟು ಸುಲಭಕ್ಕೆ ಹೊಂದುವುದಿಲ್ಲ ಅಂತ. ಗವಂತಿ, ಮುರಗಿ, ನೇಯ್ಗಿ, ಮೆಂತೆ ಅಂತ ಕಸೂತಿಯಲ್ಲಿ ನಾಲ್ಕು ಹೊಲಿಗೆ. ಬಟ್ಟೆಯ ಎಳೆ ಎಣಿಸಿ ಹಾಕಬೇಕು. ಗಂಟು ಹಾಕುವ ಹಾಗಿಲ್ಲ. ಗವಂತಿ, ಮುರಗಿ ಹಾಕಿದ ಬಟ್ಟೆ ಮುಂದೆ ಹಿಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ಕರೆಂಟಿಗೆ ಇವೇ ತೊಂದರೆ. ಗಂಟಿಲ್ಲದಿದ್ದರೆ ಸ್ಟೀಲ್ ದಾರ ಸ್ಪ್ರಿಂಗಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಹಿಂಬದಿಯಲ್ಲಿ ಒಂದು ಎಳೆ ಸಡಿಲಾಗಿ ಪಕ್ಕದ ಸಾಲಿಗೆ ತಾಗಿದರೂ ಶಾರ್ಟ್ ಆಗಿ ಎಲ್ಲ ದೀಪ ಒಟ್ಟಿಗೆ ಆರುತ್ತವೆ. ನಮ್ಮ ವಿನ್ಯಾಸದಲ್ಲಂತೂ ಗೆರೆಗಳು ಒಂದರ ಮೇಲೊಂದು ದಾಟುತ್ತಲೇ ಇರುತ್ತವೆ.

ಹುಡುಗ ಹಿಂದೆ ಇನ್ಸುಲೇಷನ್ ಟೇಪ್ ಅಂಟಿಸೋಣ ಅಂದ. ನಾನು ಒಪ್ಪಲಿಲ್ಲ. ಕಸೂತಿ ಬಲ್ಲವರು ಬಟ್ಟೆ ಕೈಗೆ ಬಂದ ಕೂಡಲೇ ತಿರುವಿ ಹಿಂಬದಿ ನೋಡುತ್ತಾರೆ. ಅಲ್ಲಿ ಕಪ್ಪು ಟೇಪ್ ಕಂಡರೆ ನನ್ನ ಮಾನ ಏನಾಗಬೇಕು? ಕೊನೆಗೆ ಹೀಗೆ ಮಾಡಿದೆವು. ಕಂಬದ ಎಡಗಡೆ ಗೆರೆ ಪೂರ್ತಿ ಪ್ಲಸ್, ಬಲಗಡೆ ಗೆರೆ ಪೂರ್ತಿ ಮೈನಸ್. ಇವೆರಡು ಮಾತ್ರ ಸ್ಟೀಲ್ ದಾರ. ನಡುವಿನ ಅಡ್ಡಗೆರೆ, ಮೆಟ್ಟಿಲು, ಬುಡದ ಕಟ್ಟೆ ಎಲ್ಲ ಮಾಮೂಲಿ ರೇಷ್ಮೆ ದಾರದಲ್ಲಿ. ಎಳೆಯ ತುದಿಯನ್ನು ಹೊಲಿಗೆಯ ಅಡಿಗೆ ತೂರಿಸಿ, ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಹನಿ. ಒಣಗಿದ ಮೇಲೆ ಬಿಚ್ಚಿಕೊಳ್ಳುವುದಿಲ್ಲ, ಕಾಣುವುದೂ ಇಲ್ಲ.

ಇಲ್ಲಿ ಒಂದು ಖುಷಿಯ ವಿಷಯ ಹೇಳಲೇಬೇಕು. ಸ್ಟೀಲ್ ದಾರಕ್ಕೆ ತಾಮ್ರದ ತಂತಿಗಿಂತ ತಡೆ ಜಾಸ್ತಿ. ಬ್ಯಾಟರಿಯಿಂದ ದೂರ ಹೋದಷ್ಟೂ ಬೆಳಕು ಮಂಕಾಗುತ್ತದೆ. ಆದರೆ ಗವಂತಿಯಲ್ಲಿ ದಾರ ಒಂದು ಸಲ ಹೋಗಿ, ಬಿಟ್ಟ ಜಾಗ ತುಂಬಿಕೊಂಡು ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಅಂದರೆ ಒಂದು ಗೆರೆಯಲ್ಲಿ ಎರಡು ದಾರ ಜೋಡಿಯಾಗಿ ಕರೆಂಟು ಹೊರುತ್ತವೆ. ಹುಡುಗ ತಡೆ ಅಳೆಯುವ ಮಲ್ಟಿಮೀಟರ್ ಹಿಡಿದು ನೋಡಿದ. ಬರೀ ಸಾದಾ ರನ್ನಿಂಗ್ ಹೊಲಿಗೆ ಹಾಕಿದ ಗೆರೆಗಿಂತ ಹೆಚ್ಚುಕಡಿಮೆ ಅರ್ಧ ತಡೆ. "ಕಾಕು, ನಿಮ್ಮ ಅಜ್ಜಿಗೋಳು ಪ್ಯಾರಲಲ್ ಕನೆಕ್ಷನ್ ಮಾಡಿ ಇಟ್ಟಾರ ನೋಡ್ರಿ!" ಅಂತ ಕುಣಿದ.

ಬಟ್ಟೆಗೆ ಹೊಲಿಯುವುದಕ್ಕೇ ಅಂತ ಮಾಡಿದ ಎಲೆಕ್ಟ್ರಾನಿಕ್ಸ್ ಬೋರ್ಡುಗಳೂ ಇವೆ. ಲಿಲಿಪ್ಯಾಡ್ ಅಂತ ಒಂದನ್ನು ಅಮೆರಿಕದ ಲಿಯಾ ಬ್ಯೂಕ್ಲಿ ವಿನ್ಯಾಸ ಮಾಡಿದ್ದು, 2007ರಲ್ಲಿ ಮಾರುಕಟ್ಟೆಗೆ ಬಂತು. ನಮಗೆ ಅದು ದುಬಾರಿ. ಬೇಕಾಗಿಯೂ ಇರಲಿಲ್ಲ. ಬಟನ್ ಸೆಲ್ (ಗುಂಡಿಯಂಥ ಪುಟ್ಟ ಬ್ಯಾಟರಿ), ಅದರ ಹೋಲ್ಡರ್, ಮಾಮೂಲಿ 5 ಮಿಲಿಮೀಟರ್ ಎಲ್‌ಇಡಿ ಸಾಕು. ಎಲ್‌ಇಡಿಯ ಉದ್ದ ಕಾಲು ಪ್ಲಸ್. ಅದನ್ನು ಇಕ್ಕಳದಲ್ಲಿ ದುಂಡಗೆ ಸುತ್ತಬೇಕು, ಗಿಡ್ಡ ಕಾಲನ್ನು ಚೌಕವಾಗಿ ಮಡಿಸಬೇಕು. ಹಾಗೆ ಮಾಡಿದರೆ ಗುಂಡಿ ಹೊಲಿದ ಹಾಗೆ ಬಟ್ಟೆಗೆ ಹೊಲಿಯಬಹುದು, ಯಾವುದು ಪ್ಲಸ್ ಅಂತ ಗೊಂದಲವೂ ಇಲ್ಲ. ಕೆಂಪು, ಹಳದಿಗೆ 2 ವೋಲ್ಟ್ ಹತ್ತಿರ ಸಾಕು. ನೀಲಿ, ಬಿಳಿಗೆ 3 ವೋಲ್ಟ್ ಆಸುಪಾಸು ಬೇಕು. ನಾವು ಹಾಕಿದ ಬಟನ್ ಸೆಲ್ ಇರುವುದೇ 3 ವೋಲ್ಟ್. ಕೆಂಪು, ನೀಲಿ ಎರಡನ್ನೂ ಒಂದೇ ಸಾಲಿಗೆ ಹೊಲಿದರೆ ಕೆಂಪೇ ಎಲ್ಲ ಕರೆಂಟು ಎಳೆದುಕೊಂಡು ನೀಲಿ ಹತ್ತುವುದೇ ಇಲ್ಲ. ದೀಪಕ್ಕೆ ಹಳದಿಯೇ ಸರಿ ಅಲ್ವಾ, ನಾವು ಅದನ್ನೇ ಇಟ್ಟುಕೊಂಡೆವು.

ಮಾಡುವ ಕಷ್ಟ ಒಂದು ಥರ. ಅರ್ಜಿಯ ಕಷ್ಟ ಇನ್ನೊಂದು ಥರ.

ಅರ್ಜಿಯಲ್ಲಿ ಎರಡೇ ವಿಭಾಗ ಇದ್ದವು: ಕರಕುಶಲ, ತಂತ್ರಜ್ಞಾನ. ಒಂದನ್ನು ಮಾತ್ರ ಟಿಕ್ ಮಾಡಬೇಕು. ಕರಕುಶಲಕ್ಕೆ ಬಾಡಿಗೆ 1,500, ಒಂದು ಟೇಬಲ್, ಎರಡು ಕುರ್ಚಿ, ಪ್ಲಗ್ ಇಲ್ಲ. ತಂತ್ರಜ್ಞಾನಕ್ಕೆ 2,500, ಪ್ಲಗ್ ಪಾಯಿಂಟ್ ಇದೆ, ಆದರೆ ಕಾಲೇಜಿನ ಪತ್ರವೋ ಕಂಪನಿಯ ನೋಂದಣಿಯೋ ಬೇಕು. ನಮ್ಮದಕ್ಕೆ ಪ್ಲಗ್ ಬೇಡವೇ ಬೇಡ. ಹಾಗಾಗಿ ಕರಕುಶಲ ಅಂತ ಹಾಕಿದೆವು. ವಾರ ಕಳೆದರೂ ಉತ್ತರ ಇಲ್ಲ. ಫೋನ್ ಮಾಡಿದರೆ, "ಮೇಡಮ್, ನಿಮ್ಮದರಲ್ಲಿ ಬ್ಯಾಟರಿ ಇದೆ ಅಂತ ಬರೆದಿದ್ದೀರಿ, ಅದು ತಂತ್ರಜ್ಞಾನಕ್ಕೆ ಹೋಗಿದೆ" ಅಂದರು. ತಂತ್ರಜ್ಞಾನದವರಿಗೆ ಫೋನ್ ಮಾಡಿದರೆ, "ಇದು ಕಸೂತಿ ಅಲ್ರೀ, ಕರಕುಶಲದವರನ್ನು ಕೇಳಿ" ಅಂದರು. ಮತ್ತೆ ಇವರು, ಮತ್ತೆ ಅವರು. ಕೊನೆಗೆ ತಂತ್ರಜ್ಞಾನದ ಕಡೆಯಿಂದ ಬೆಂಕಿ ಸುರಕ್ಷತೆಯ ಮುಚ್ಚಳಿಕೆ ಬರೆದುಕೊಡಿ ಅಂತಲೂ ಬಂತು. ಬೆಸುಗೆ ಕಡ್ಡಿ ಬಳಸುವವರಿಗೆ ಇರಲಿ, ಅದು ನ್ಯಾಯ. 3 ವೋಲ್ಟಿನ ಕರ್ಚೀಫಿಗೂ ಅದೇ ಮುಚ್ಚಳಿಕೆ.

ಇದರಲ್ಲಿ ಫೋನು, ಇಮೇಲು ಕೆಲಸಕ್ಕೆ ಬರಲಿಲ್ಲ. ಬಟ್ಟೆಯನ್ನೇ ಚೀಲದಲ್ಲಿ ಹಾಕಿಕೊಂಡು ಕಚೇರಿಗೆ ಹೋದೆವು. ಊಟದ ಹೊತ್ತು. ಹೊರಗೆ ಬೆಂಚಿನ ಮೇಲೆ ಬಹಳ ಹೊತ್ತು ಕೂತ ಮೇಲೆ ಸಮಿತಿಯ ಹಿರಿಯರೊಬ್ಬರು ಬಂದರು. "ಹಚ್ಚಿ ತೋರಸ್ರಿ ಅಕ್ಕಾರ" ಅಂದರು. ಹುಡುಗ ಸೆಲ್ ಕೂರಿಸಿದ. ಕಪ್ಪು ಬಟ್ಟೆಯ ಮೇಲೆ ಐದು ಹಳದಿ ಚುಕ್ಕಿ ಹತ್ತಿದವು. ಅವರು ಬಟ್ಟೆ ತಿರುವಿ ಹಿಂಬದಿ ನೋಡಿದರು! ಟೇಪ್ ಅಂಟಿಸದೆ ಇದ್ದದ್ದು ಎಷ್ಟು ಒಳ್ಳೆಯದಾಯಿತು. "ಕರಕುಶಲದ ಸಾಲಿನ ಕೊನೆ, ತಂತ್ರಜ್ಞಾನದ ಸಾಲಿನ ಶುರು, ನಡುವ ಒಂದು ಜಾಗ ಐತಿ. ಅಲ್ಲಿ ಕೂಡ್ರಿ" ಅಂತ ಬಾಡಿಗೆ 1,500ಕ್ಕೇ ಸಹಿ ಹಾಕಿಕೊಟ್ಟರು. ಆ ಜಾಗದ ಬೆನ್ನಿಗೇ ಜನರೇಟರ್ ಇದೆ ಅಂತ ಮಾತ್ರ ಹೇಳಲಿಲ್ಲ.

ಕಾಗದಪತ್ರದ ಬಗ್ಗೆ ಕೇಳುವವರಿಗೆ: ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ಮಾಡಿದ ವಸ್ತುವಿನ ಫೋಟೊ, ಮಾಡುತ್ತಿರುವಾಗಿನ ಫೋಟೊ. ಕೊನೆಯದು ಮುಖ್ಯ, ಕೊಂಡು ತಂದದ್ದಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ಹುಡುಗನಿಗೆ ಕಾಲೇಜಿನ ಬೋನಾಫೈಡ್, ಅಂದರೆ ಅಲ್ಲೇ ಓದುತ್ತಿದ್ದಾನೆ ಅನ್ನುವ ಪತ್ರ, ಬೇಕಾಯಿತು. ಅದಕ್ಕೆ ವಿಭಾಗದ ಮುಖ್ಯಸ್ಥರ ಸಹಿ, ಆಮೇಲೆ ಪ್ರಿನ್ಸಿಪಾಲರ ಸಹಿ. ಇಬ್ಬರೂ ಒಂದೇ ದಿನ ಸಿಗುವುದು ಅಪರೂಪ, ಮೊದಲೇ ಮಾಡಿಸಿಕೊಳ್ಳಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಸಂಖ್ಯೆ ಇದ್ದರೆ ಅರ್ಜಿ ಬೇಗ ಸಾಗುತ್ತದೆ. ಅದು ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, 2020ರ ಜುಲೈನಿಂದ ಇದೆ. ಆಧಾರ್, ಪ್ಯಾನ್ ಇಟ್ಟುಕೊಂಡು ಮೊಬೈಲಿನಲ್ಲೇ ಮುಗಿಸಬಹುದು. ನನ್ನ ಹತ್ತಿರ ಕಲಿಯುವ ಒಬ್ಬರು ಯಾರೋ ಏಜೆಂಟನಿಗೆ ಇದಕ್ಕೆ 800 ಕೊಟ್ಟು ಬಂದಿದ್ದರು. ನೀವು ಕೊಡಬೇಡಿ. ಜಿಎಸ್‌ಟಿ ಕಾಲಂ ನೋಡಿ ಗಾಬರಿಯಾಗುವುದೂ ಬೇಡ. ರಾಜ್ಯದೊಳಗೆ ಸರಕು ಮಾತ್ರ ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿ ಬೇಕಾಗಿಲ್ಲ. ನಾನು ಅದನ್ನೇ ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಟ್ಟೆ, ನಡೆಯಿತು. ಬಾಡಿಗೆ ಮತ್ತು 500 ರೂಪಾಯಿ ಡಿಪಾಸಿಟ್ ಎರಡಕ್ಕೂ ಬ್ಯಾಂಕಿನ ಡಿಮ್ಯಾಂಡ್ ಡ್ರಾಫ್ಟೇ (ಡಿಡಿ) ಬೇಕು ಅಂದರು. ಫೋನಿನಲ್ಲಿ ದುಡ್ಡು ಹೋಗುವ ಕಾಲದಲ್ಲಿ ಬ್ಯಾಂಕಿನ ಸಾಲಿನಲ್ಲಿ ನಿಂತದ್ದು ನನಗೆ ಬಹಳ ಸಿಟ್ಟು ತರಿಸಿತು.

ಮೇಳದ ಮೊದಲ ದಿನ ಬೆಳಿಗ್ಗೆ ಟೇಬಲ್ಲಿಗೆ ಇಳಕಲ್ ಸೀರೆ ಹೊದಿಸಿ, ಕಂಬಗಳನ್ನೆಲ್ಲ ಜೋಡಿಸಿ, ಸೆಲ್ ಹಾಕಿದೆವು. ಒಂದೂ ಕಾಣಲಿಲ್ಲ. ದೀಪ ಹತ್ತಿದ್ದವು, ಆದರೆ ಬಿಳಿ ಶಾಮಿಯಾನದ ಕೆಳಗೆ ಹಗಲು ಬೆಳಕಿಗೆ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಮನೆಯಲ್ಲಿ, ಕಚೇರಿಯಲ್ಲಿ ಅಷ್ಟು ಚೆನ್ನಾಗಿ ಕಂಡದ್ದು ಇಲ್ಲಿ ಸತ್ತ ಹಾಗೆ ಕೂತಿತ್ತು. ಜನ ಬರುತ್ತಿದ್ದರು, ನೋಡುತ್ತಿದ್ದರು, "ಕಸೂತಿ ಛಲೋ ಐತಿ" ಅಂತ ಮುಂದೆ ಹೋಗುತ್ತಿದ್ದರು. ಪಕ್ಕದ ಸಾಲಿನಲ್ಲಿ ಹುಡುಗರ ರೋಬೋಟು ಗೋಡೆ ಕಂಡು ತಿರುಗುತ್ತಿದ್ದರೆ ಅಲ್ಲಿ ಜಾತ್ರೆ. ನನಗೆ ಅಳು ಬರುವುದೊಂದು ಬಾಕಿ.

ಹುಡುಗ ಬೈಕ್ ತೆಗೆದುಕೊಂಡು ಮನೆಗೆ ಹೋಗಿ ನಮ್ಮ ಮಾವನವರ ಕರಿ ಕಂಬಳಿ ತಂದ. ನಾಲ್ಕು ಬಿದಿರು ಕಡ್ಡಿ ಕಟ್ಟಿ, ಟೇಬಲ್ಲಿನ ಒಂದು ಮೂಲೆಯಲ್ಲಿ ಕಂಬಳಿ ಇಳಿಬಿಟ್ಟು ಸಣ್ಣ ಕತ್ತಲ ಗೂಡು ಮಾಡಿದೆವು. ಒಳಗೆ ತಲೆ ತೂರಿಸಿ ನೋಡಬೇಕು. ಒಂದು ಪೋರ ತೂರಿಸಿದ, "ಅವ್ವಾ, ಗುಡಿ ಐತಿ ಒಳಗ!" ಅಂತ ಕೂಗಿದ. ಆಮೇಲೆ ಸಾಲು ಹಚ್ಚಿದರು. ಬೆಳಕಿನ ವಸ್ತು ಏನಾದರೂ ಒಯ್ಯುವವರು ಕತ್ತಲೆಯನ್ನೂ ಜೊತೆಗೇ ಒಯ್ಯಿರಿ.

ಮಧ್ಯಾಹ್ನ ಜನರೇಟರ್ ಶುರುವಾದ ಮೇಲೆ ಕೂಗಿ ಮಾತಾಡಿ ಗಂಟಲು ಹೋಯಿತು. ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಅವೇ. ಶಾಕ್ ಹೊಡಿಯಂಗಿಲ್ಲೇನ್ರಿ? ಇಲ್ಲ, 3 ವೋಲ್ಟ್, ಒದ್ದೆ ಕೈಯಲ್ಲಿ ಮುಟ್ಟಿದರೂ ಏನೂ ಆಗುವುದಿಲ್ಲ. ತೊಳೀಬಹುದೇನ್ರಿ? ಸೆಲ್ ತೆಗೆದು ಕೈಯಲ್ಲಿ ಮೆಲ್ಲಗೆ ತೊಳೆದು, ಪೂರ್ತಿ ಒಣಗಿದ ಮೇಲೆ ಸೆಲ್ ಹಾಕಿ. ಐನೂರಾ? ಪ್ಯಾಟ್ಯಾಗ ಲೈಟಿನ ಸರ ನೂರಕ್ಕ ಸಿಗತೈತಿ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ನಗುತ್ತಿದ್ದೆ. ಮರಾಠಿಯಲ್ಲಿ ಕೇಳುವವರೂ ಅಷ್ಟೇ ಮಂದಿ. ಬೋರ್ಡನ್ನು ಎರಡೂ ಭಾಷೆಯಲ್ಲಿ ಬರೆದದ್ದು ಉಪಯೋಗಕ್ಕೆ ಬಂತು.

ಒಂದು ಎಚ್ಚರಿಕೆ ದಪ್ಪ ಅಕ್ಷರದಲ್ಲಿ ಬರೆದು ಟೇಬಲ್ಲಿಗೆ ಅಂಟಿಸಿದ್ದೆವು. ಬಟನ್ ಸೆಲ್ಲನ್ನು ಸಣ್ಣ ಮಕ್ಕಳ ಕೈಗೆ ಕೊಡಬೇಡಿ. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಟ್ಟ ಗಾಯ ಆಗಬಹುದು. ತಡ ಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇಂಥ ಸ್ಟಾಲ್ ಹಾಕುವವರು ಸೆಲ್ಲುಗಳನ್ನು ಬಟ್ಟಲಲ್ಲಿ ಸುರಿದು ಇಡಬೇಡಿ. ನಾವು ಮುಚ್ಚಳದ ಡಬ್ಬಿಯಲ್ಲಿ ಇಟ್ಟು, ಒಂದೊಂದೇ ಕೊಟ್ಟು, ಸಂಜೆ ಲೆಕ್ಕ ತೆಗೆದುಕೊಳ್ಳುತ್ತಿದ್ದೆವು.

ಮೊದಲ ದಿನ ನೋಡಿದವರು ಬಹಳ, ಕೊಂಡವರು ಕಡಿಮೆ. ರಾತ್ರಿ ಹುಡುಗ ಒಂದು ಉಪಾಯ ಹೇಳಿದ. ಮಾರುವುದು ಬಿಟ್ಟು ಮಾಡಿಸೋಣ. ಎಳೆ ಎಣಿಸಲು ಸುಲಭವಾದ ಬೆರಳುದ್ದದ ಮ್ಯಾಟಿ ಬಟ್ಟೆ, ಸೂಜಿ, ಒಂದು ಎಲ್‌ಇಡಿ, ಒಂದು ಸೆಲ್, ಒಂದು ಮೊಳ ಸ್ಟೀಲ್ ದಾರ. ಕೂತು ಹೊಲಿದು, ದೀಪ ಹಚ್ಚಿ, ಪುಸ್ತಕದ ಗುರುತುಪಟ್ಟಿ ಮಾಡಿಕೊಂಡು ಹೋಗಬಹುದು. 80 ರೂಪಾಯಿ. ತಡರಾತ್ರಿವರೆಗೆ ಮನೆಮಂದಿಯೆಲ್ಲ ಕೂತು ಕಾಲು ಮಡಿಸಿದೆವು. ಎಲ್‌ಇಡಿಯ ಕಾಲು.

ಎರಡನೇ ದಿನ ಕುರ್ಚಿ ಸಾಲಲಿಲ್ಲ. ಪಕ್ಕದ ಸ್ಟಾಲಿನಿಂದ ಕಡ ತಂದೆವು. ಕೂತವರ ಕೈ ನೋಡುವುದೇ ಒಂದು ಮಜಾ. ಇಂಜಿನಿಯರಿಂಗ್ ಹುಡುಗರಿಗೆ ಪ್ಲಸ್ ಮೈನಸ್ ಹೇಳಬೇಕಾಗಿರಲಿಲ್ಲ, ಆದರೆ ನಾಲ್ಕು ಎಳೆ ಎಣಿಸಿ ಸೂಜಿ ಚುಚ್ಚುವಷ್ಟರಲ್ಲಿ ಬೆವರುತ್ತಿದ್ದರು. ವಡಗಾವಿಯ ನೇಕಾರರ ಮನೆಯ ಅಜ್ಜಿಯೊಬ್ಬರು ಕನ್ನಡಕ ಏರಿಸಿಕೊಂಡು ಕೂತರು. ಗವಂತಿ ಸರಸರ ಹೋಯಿತು. ದೀಪ ಹತ್ತಲಿಲ್ಲ. ಅವರು ಹೋಗುವಾಗ ಬರುವಾಗ ಚೆಂದ ಕಾಣಲಿ ಅಂತ ಎರಡು ಗೆರೆಗಳನ್ನು ಮೇಲೆ ಕೂಡಿಸಿಬಿಟ್ಟಿದ್ದರು. ಪಕ್ಕದಲ್ಲಿ ಹೊಲಿಯುತ್ತಿದ್ದ ಒಬ್ಬ ಇಂಜಿನಿಯರಿಂಗ್ ಹುಡುಗ, "ಅಜ್ಜಿ, ಇಲ್ಲಿ ಎರಡೂ ಕೂಡ್ಯಾವು, ಇಷ್ಟ ಬಿಚ್ಚ್ರಿ" ಅಂದ. ಅಜ್ಜಿ ಬಿಚ್ಚಿದರು. ಹತ್ತಿತು. "ನೀ ಹಿಡಿಯೋದ ತಪ್ಪೈತಿ, ಸೂಜಿ ಹಿಂಗ ಹಿಡಿ" ಅಂತ ಅವನ ಬೆರಳು ತಿದ್ದಿದರು. ಅವನು ಆಮೇಲೆ ಇನ್ನೊಂದು ಕಿಟ್ ಕೊಂಡು ಅಲ್ಲೇ ಕೂತ.

ನನ್ನ ಅಭಿಪ್ರಾಯ ಕೇಳಿದರೆ, ಇಂಥ ಮೇಳಕ್ಕೆ ಮಾರಾಟದ ಲೆಕ್ಕ ಹಾಕಿ ಹೋಗಬೇಡಿ. ಅಂಗಡಿಗೆ ಬಂದ ಹಾಗೆ ಬರುವವರು ಕಡಿಮೆ. ಜನಕ್ಕೆ ಮುಟ್ಟಬೇಕು, ಬಿಚ್ಚಬೇಕು, ತಮ್ಮ ಕೈಯಲ್ಲಿ ಆಗುತ್ತದಾ ಅಂತ ನೋಡಬೇಕು. ಕ್ಯಾಲಿಫೋರ್ನಿಯಾದ ಸ್ಯಾನ್ ಮಟಿಯೊದಲ್ಲಿ 2006ರಲ್ಲಿ ಮೇಕರ್ ಫೇರ್ ಅಂತ ಇಂಥದೇ ಮೇಳ ಶುರುವಾದಾಗಲೂ ವಿಚಾರ ಇದೇ ಅಂತೆ. ಅಷ್ಟು ದೂರ ಯಾಕೆ, ಪುಣೆ ಹತ್ತಿರದ ಪಾಬಳ್ ಹಳ್ಳಿಯ ವಿಜ್ಞಾನ ಆಶ್ರಮದಲ್ಲಿ 2002ರಿಂದಲೇ ಫ್ಯಾಬ್ ಲ್ಯಾಬ್, ಅಂದರೆ ಯಂತ್ರ ಬಳಸಿ ಬೇಕಾದ್ದನ್ನು ತಾವೇ ಮಾಡಿ ನೋಡುವ ಕಾರ್ಯಾಗಾರ ಇದೆ. ಹುಡುಗನಿಗೆ ಅದನ್ನು ನೋಡಿ ಬರುವ ಹುಚ್ಚು ಹತ್ತಿದೆ.

ಬಿಡುವಾದಾಗ ನಾನೂ ಒಂದು ಸುತ್ತು ಹಾಕಿದೆ. ಖಾನಾಪುರದ ಕಡೆಯ ಕುಂಬಾರರು ಕರೆಂಟಿನ ಚಕ್ರ ತಂದಿದ್ದರು, ಮಕ್ಕಳ ಮೈಯೆಲ್ಲ ಮಣ್ಣು. ನನಗೆ ಜಾಸ್ತಿ ಹಿಡಿಸಿದ್ದು ಉದ್ಯಮಬಾಗದ ಫೌಂಡ್ರಿಗಳಿಗೆ (ಎರಕದ ಕಾರ್ಖಾನೆಗಳಿಗೆ) ಮರದ ಪ್ಯಾಟರ್ನ್, ಅಂದರೆ ಎರಕದ ಅಚ್ಚು ತೆಗೆಯುವ ಮಾದರಿ ಮಾಡುವ ಒಬ್ಬ ಹಿರಿಯರ ಟೇಬಲ್. ಎದುರಿಗೇ ತ್ರೀಡಿ ಪ್ರಿಂಟರ್ ಇಟ್ಟುಕೊಂಡ ಹುಡುಗ. ಕಾದ ಪ್ಲಾಸ್ಟಿಕ್ಕನ್ನು ಎಳೆ ಎಳೆಯಾಗಿ ಪದರ ಹಾಕುತ್ತಾ ಅದೊಂದು ಗೇರ್ ಮಾಡುತ್ತಿತ್ತು. ಹಿರಿಯರು ತಮ್ಮ ಅಳತೆಪಟ್ಟಿ ತೋರಿಸಿದರು. ನೋಡಲು ಮಾಮೂಲಿ ಪಟ್ಟಿ, ಆದರೆ ಅದರ ಇಂಚು ನಿಜವಾದ ಇಂಚಿಗಿಂತ ಒಂಚೂರು ದೊಡ್ಡದು. ಎರಕದ ಕಬ್ಬಿಣ ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಅದಕ್ಕೆ ಪ್ಯಾಟರ್ನ್ ಅಷ್ಟೇ ದೊಡ್ಡದಿರಬೇಕು. "ನಿನ್ನ ಮಷೀನಿಗೆ ಇದು ಗೊತ್ತೈತೇನೋ ತಮ್ಮಾ?" ಅಂದರು. ಹುಡುಗ ಲ್ಯಾಪ್‌ಟಾಪ್ ತಿರುಗಿಸಿ ಸ್ಕೇಲ್ 101 ಅಂತ ಹಾಕಿ ತೋರಿಸಿದ. ಅಷ್ಟರಲ್ಲಿ ಕರೆಂಟು ಕಣ್ಣು ಮಿಟುಕಿಸಿತು, ಅರ್ಧ ಆಗಿದ್ದ ಗೇರ್ ಅಲ್ಲಿಗೇ ನಿಂತಿತು. ಹಿರಿಯರು ಏನೂ ಅನ್ನದೆ ಉಳಿ ಒರೆಸುತ್ತಾ ಕೂತರು. ಪ್ರಿಂಟರ್ ತರುವವರು ಒಂದು ಯುಪಿಎಸ್ ಇಟ್ಟುಕೊಳ್ಳಿ, ಜನರೇಟರ್ ನಂಬಬೇಡಿ.

ಬರೀ ನೋಡಲು ಹೋಗುವವರು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ. ಸಂಜೆ ಸ್ಟಾಲಿನವರಿಗೆ ಮಾತಾಡುವ ಶಕ್ತಿ ಇರುವುದಿಲ್ಲ. ಜನ ಜಾಸ್ತಿಯಾದಾಗ ನೆಟ್‌ವರ್ಕ್ ಹೋಗಿ ಯುಪಿಐ ನಿಂತುಬಿಡುತ್ತದೆ, ಚಿಲ್ಲರೆ ಇಟ್ಟುಕೊಂಡಿರಿ. ನಮ್ಮಲ್ಲಿ ಒಂದು ಗಂಟೆ ಹಾಗಾಗಿ, ಕಿಟ್ ಕೊಂಡವರ ಹೆಸರನ್ನು ವಹಿಯಲ್ಲಿ ಬರೆದುಕೊಂಡು ಕಳಿಸಿದೆವು. ಎಲ್ಲರೂ ಆಮೇಲೆ ದುಡ್ಡು ಹಾಕಿದರು, ಒಬ್ಬರನ್ನು ಬಿಟ್ಟು.

ಲೆಕ್ಕ ಹೇಳಿಬಿಡುತ್ತೇನೆ. ಬಾಡಿಗೆ 1,500. ಸ್ಟೀಲ್ ದಾರ ಇಲ್ಲಿ ಅಂಗಡಿಯಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದ್ದಕ್ಕೆ 1,100. ಸೆಲ್, ಹೋಲ್ಡರ್, ಎಲ್‌ಇಡಿ ಸೇರಿ 2,300. ಬಟ್ಟೆ, ರೇಷ್ಮೆ ದಾರ, ಬೋರ್ಡು, ಡಿಡಿ ಕಮಿಷನ್, ಆಟೊ, ಚಹಾ ಎಲ್ಲ ಸೇರಿ ಮತ್ತೆ 1,900. ಒಟ್ಟು 6,800. ಬಂದದ್ದು 9,240. ಅದರಲ್ಲಿ ಕಿಟ್ಟಿನದೇ ಮುಕ್ಕಾಲು ಪಾಲು. ನನ್ನ ಕಸೂತಿಯ ಕೂಲಿ ಹಿಡಿದರೆ ಲಾಭ ಅನ್ನುವ ಹಾಗಿಲ್ಲ. ಒಂದು ಶಾಲೆಯವರು ಮಕ್ಕಳಿಗೆ ಬಂದು ಕಲಿಸಿ ಅಂತ ಕರೆದಿದ್ದಾರೆ. ದರ ಇನ್ನೂ ಮಾತಾಡಿಲ್ಲ.

ಡಿಪಾಸಿಟ್ 500 ಇನ್ನೂ ಬಂದಿಲ್ಲ. ಕೊನೆಯ ದಿನ ಟೇಬಲ್, ಕುರ್ಚಿ ಎಣಿಸಿ ಒಪ್ಪಿಸಿದ ಮೇಲೆ ಒಂದು ಗುಲಾಬಿ ಚೀಟಿಗೆ ಸಹಿ ಹಾಕಿಸಿಕೊಳ್ಳಬೇಕು, ಅದಿಲ್ಲದೆ ದುಡ್ಡು ವಾಪಸ್ ಇಲ್ಲ. ಸ್ಟಾಲ್ ಬಿಚ್ಚುವ ಗದ್ದಲದಲ್ಲಿ ಎಷ್ಟೋ ಜನ ಅದನ್ನು ತೆಗೆದುಕೊಳ್ಳದೆ ಹೋದರು. ಕಡ ತಂದ ಕುರ್ಚಿಗಳನ್ನು ಎಣಿಕೆಗೆ ಮುಂಚೆ ಅವರವರಿಗೆ ವಾಪಸ್ ಕೊಟ್ಟಿರಿ, ಇಲ್ಲದಿದ್ದರೆ ಅವರ ಲೆಕ್ಕ ತಪ್ಪಿ ನಿಮ್ಮ ಜೊತೆ ಜಗಳ ಆಗುತ್ತದೆ.